ನೋಡದ ಹಾಗೆ ನೋಡುವುದು

ಈ ಸಿಳ್ಳೆ ಕೇಳಿಸುತ್ತಿದೆಯಲ್ಲ, ಇದು ಯಾರೋ ಹುಡುಗ ಸುಮ್ನೆ ಹೊಡೆಯುತ್ತಿರುವುದಲ್ಲ. ಮಲಬಾರ್ ವಿಸ್ಲಿಂಗ್ ಥ್ರಷ್. ಪಶ್ಚಿಮಘಟ್ಟದ ತೊರೆಗಳ ಪಕ್ಕ ಬದುಕುವ ಹಕ್ಕಿ. ನಾವಿರುವುದು ಭಾಗಮಂಡಲದ ಕಡೆಯ ಒಂದು ಕಾಫಿ ತೋಟದಲ್ಲಿ. ಮಳೆಗಾಲ ಈಗಷ್ಟೇ ಶುರುವಾಗಿದೆ, ಜಿಗಣೆಗಳದ್ದೂ.

ತೋಡಿನ ನಡುವೆ ಪಾಚಿ ಕಟ್ಟಿದ ಬಂಡೆ ಇದೆ ನೋಡಿ, ಅದು ಇದರ ಜಾಗ. ದೂರದಿಂದ ಹಕ್ಕಿ ಬರೀ ಕಪ್ಪು. ಮೋಡ ಸರಿದು ಬಿಸಿಲು ಬಿದ್ದರೆ ಹಣೆ, ಹೆಗಲ ಮೇಲೆ ನೀಲಿ ಹೊಳೆಯುತ್ತದೆ.

ಕ್ಯಾಮೆರಾ ಹಿಡಿದು ನೆಟ್ಟಗೆ ಹೋದರೆ ಹಾರಿಹೋಗುತ್ತದೆ, ಅದು ಬಿಡಿ. ನನಗೆ ಅರ್ಥವಾಗದೆ ಇದ್ದದ್ದು ಬೇರೆ. ಇದೇ ತೋಡಿನ ಬದಿಯಲ್ಲಿ ಹೆಂಗಸರು ಜೋರಾಗಿ ಮಾತಾಡಿಕೊಂಡು, ನಗುತ್ತಾ ಕಳೆ ತೆಗೆಯುತ್ತಾರೆ. ಹಕ್ಕಿ ಅವರ ಪಕ್ಕದಲ್ಲೇ ಏಡಿಯನ್ನು ಬಂಡೆಗೆ ಬಡಿದು ತಿನ್ನುತ್ತಿರುತ್ತದೆ. ನಾನು ಉಸಿರು ಬಿಗಿಹಿಡಿದು ಕೂತರೂ ಹೊರಟುಬಿಡುತ್ತದೆ! ಅವರಲ್ಲೊಬ್ಬ ಅಕ್ಕನನ್ನು ಕೇಳಿದೆ. "ನಾವು ನಮ್ಮ ಕೆಲ್ಸ ನೋಡ್ತೀವಿ ಅಣ್ಣಾ. ನೀವು ಅದನ್ನೇ ನೋಡ್ತೀರಲ್ಲ" ಅಂದರು.

ಸರಿ ಅಲ್ವಾ? ಬೆಕ್ಕು ಬೇಟೆಯನ್ನು ನೋಡುವುದೂ ಹೀಗೇ. ಅಲುಗಾಡದೆ, ನೆಟ್ಟ ಕಣ್ಣಲ್ಲಿ. ನನ್ನದಂತೂ ಆ ಲೆನ್ಸಿನಷ್ಟು ದೊಡ್ಡ ಕಣ್ಣು.

ಹಾಗಾಗಿ ನಾನೂ ಒಂದು ಕೆಲಸ ಹಿಡಿದೆ. ಹಲಸಿನ ಬೀಜ ಸುಲಿಯುವುದು. ದಿನಾ ಅದೇ ಹೊತ್ತು, ಅದೇ ಜಾಗ, ಅದೇ ಮಾಸಿದ ಅಂಗಿ. ಟ್ರೈಪಾಡ್ ಮೇಲೆ ಕ್ಯಾಮೆರಾ ಮೊದಲೇ ಬಂಡೆಗೆ ಗುರಿಯಿಟ್ಟು, ಮೇಲೊಂದು ಗೋಣಿ ಹೊದಿಸಿರುತ್ತೇನೆ. ಕೈಯಲ್ಲಿ ರಿಮೋಟ್. ಶಟರ್ ಸದ್ದು ಬಂದ್. ಹಕ್ಕಿ ತಿನ್ನುವುದನ್ನು ನಿಲ್ಲಿಸಿ ಕತ್ತು ಉದ್ದ ಮಾಡಿದರೆ, ಚೂಪಾಗಿ 'ಕ್ರೀ' ಅಂದರೆ, ನನಗೆ ಅದು ಎಚ್ಚರಿಕೆ. ಆವತ್ತಿನ ಮಟ್ಟಿಗೆ ಹಿಂದೆ ಸರಿಯುತ್ತೇನೆ. ಮನೆಯಲ್ಲಿ ಸಾರಿಗೆ ಬೀಜವಂತೂ ಆಗುತ್ತದೆ.

ಮೊಬೈಲಿನಲ್ಲಿ ಅದರದೇ ಕೂಗು ಹಾಕಿ ಕರೆಯುವವರಿದ್ದಾರೆ. ಬರುತ್ತದೆ, ನಿಜ. ಬರುವುದು ಜಗಳಕ್ಕೆ, ತನ್ನ ಜಾಗಕ್ಕೆ ಇನ್ನೊಂದು ಹಕ್ಕಿ ನುಗ್ಗಿತು ಅಂದುಕೊಂಡು. ಗೂಡಿನ ಫೋಟೋವನ್ನೂ ನಾನು ತೆಗೆಯುವುದಿಲ್ಲ. ಇದೇ ತೋಟದ ಮರಗಳಲ್ಲಿ ಮಲಬಾರ್ ಬೂದು ಮಂಗಟ್ಟೆಗಳಿವೆ. ಮರಿ ಮಾಡುವಾಗ ಹೆಣ್ಣು ಪೊಟರೆಯೊಳಗೆ ಕೂತು ಪೊಟರೆಯ ಬಾಯಿ ಮುಚ್ಚಿಕೊಳ್ಳುತ್ತದೆ, ಸಣ್ಣ ಸೀಳು ಮಾತ್ರ ಬಿಟ್ಟು. ಗಂಡು ಅತ್ತಿ, ಆಲದ ಹಣ್ಣು ತಂದು ಅದರಲ್ಲೇ ಉಣಿಸಬೇಕು. ಕೆಳಗೆ ನಾವು ನಿಂತರೆ ಗಂಡು ಹತ್ತಿರ ಬರಲು ಅಂಜುತ್ತದೆ, ಒಳಗಿರುವವರಿಗೆ ಉಪವಾಸ. ಯಾವ ಫೋಟೋಗೂ ಅಷ್ಟು ಬೆಲೆ ಇಲ್ಲ.

ಈಗ ತೆರೆಯ ಮೇಲಿರುವುದು ನನಗೆ ತುಂಬಾ ಇಷ್ಟದ ಫೋಟೋ. "ಮುಖವೇ ಇಲ್ಲವಲ್ಲೋ" ಅಂತ ಗೆಳೆಯರು ನಗುತ್ತಾರೆ. ಥ್ರಷ್ ನನಗೆ ಬೆನ್ನು ಹಾಕಿ ಗರಿ ತೀಡಿಕೊಳ್ಳುತ್ತಿದೆ. ಹೆದರಿದ ಹಕ್ಕಿ ಹಾಗೆ ಕೂರುವುದಿಲ್ಲ. ಮುಖ ಬೇಕಾದವರು ಸ್ವಲ್ಪ ಕಾಯಬೇಕು, ಸುಲಿಯಲು ಇನ್ನೂ ಒಂದು ಬುಟ್ಟಿ ಬೀಜ ಇದೆ.