ವೂಂಡ್ ಸರ್ಟಿಫಿಕೇಟಿನಲ್ಲಿ ಇಲ್ಲದ ಗಾಯ

ಹಿರಿಯರೇ, ವಕೀಲ ಮಿತ್ರರೇ, ಹಳ್ಳಿಗಳಿಂದ ಬಂದಿರುವ ಅಣ್ಣಂದಿರೇ, ಅಕ್ಕಂದಿರೇ,

ಬಳ್ಳಾರಿ ಕೋರ್ಟಿನಲ್ಲಿ ಎಂವಿಸಿ, ಅಂದರೆ ವಾಹನ ಅಪಘಾತ ಪರಿಹಾರದ ಕೇಸು ನಡೆಸುವ ನಾನು ಮರೆಯಲಾಗದ ಮಾತೊಂದಿದೆ. "ತಲಿ ಕೆಟ್ಟೈತಿ ಅಂತ ಮಾತ್ರ ಬರಸಬ್ಯಾಡ್ರಿ ಸಾಹೇಬ್ರ, ಮನ್ಯಾಗ ಮದುವಿಗೆ ಬಂದ ಹೆಣ್ಣುಮಕ್ಕಳು ಅದಾರ." ಹೀಗೆ ಕೈಮುಗಿದವರು ಒಬ್ಬ ತಂದೆ. ಹೊಸಪೇಟೆ ರಸ್ತೆಯಲ್ಲಿ ಲಾರಿ ಗುದ್ದಿ ಮಗನ ಕಾರು ಪಲ್ಟಿಯಾಗಿತ್ತು. ಕಾಲಿನ ಮೂಳೆ ಕೂಡಿತು. ಆದರೆ ಹುಡುಗ ಲಾರಿ ಹಾರ್ನ್ ಕೇಳಿದರೆ ಬೆವರುತ್ತಿದ್ದ, ನಡುರಾತ್ರಿ ಎದ್ದು ಕೂರುತ್ತಿದ್ದ. ಸ್ಟಿಯರಿಂಗ್ ಮುಟ್ಟಲೊಲ್ಲ. ಬಾಡಿಗೆ ಕಾರು ಓಡಿಸಿ ಮನೆ ನಡೆಸುತ್ತಿದ್ದವನು ಅವನು.

ಇಂಥ ಕೇಸಿನಲ್ಲಿ ವಿಮಾ ಕಂಪನಿಯ ವಕೀಲರು ಮೊದಲು ಕೇಳುವುದು, "ವೂಂಡ್ ಸರ್ಟಿಫಿಕೇಟಿನಲ್ಲಿ ಇದೆಲ್ಲಿದೆ?" ಇರುವುದಿಲ್ಲ. ಅದು ಆಸ್ಪತ್ರೆಗೆ ಬಂದ ದಿನ ಕಂಡ ಗಾಯಗಳ ಪಟ್ಟಿ. ಪಿಟಿಎಸ್‌ಡಿ, ಅಂದರೆ ಆಘಾತದ ನಂತರವೂ ಮನಸ್ಸನ್ನು ಬಿಡದೆ ಕಾಡುವ ಕಾಯಿಲೆಯನ್ನು ವೈದ್ಯರು ಹೆಸರಿಸುವುದೇ ಲಕ್ಷಣಗಳು ವಾರಗಟ್ಟಲೆ ಬಿಡದೆ ಕಾಡಿದ ಮೇಲೆ. ಹಾಗಾಗಿ ಆಮೇಲಿನ ಒಪಿಡಿ, ಅಂದರೆ ಅಡ್ಮಿಟ್ ಆಗದೆ ತೋರಿಸಿಕೊಂಡು ಬಂದ ಚೀಟಿಗಳೇ ನಮಗೆ ಆಧಾರ. ನಿದ್ದೆಯಿಲ್ಲ, ಭಯ ಎಂದು ಮೂಳೆ ಡಾಕ್ಟರ ಮುಂದೆಯೇ ಹೇಳಿ, ಬರೆಸಿ. ಮನೋವೈದ್ಯರ ಪ್ರತಿ ಚೀಟಿ, ಪ್ರತಿ ಔಷಧಿ ಬಿಲ್ಲು ಜೋಪಾನ ಮಾಡಿ. ನೋವಿನ ಜೊತೆಗೆ ಮನಸ್ಸಿನ ಆಘಾತಕ್ಕೂ ಪರಿಹಾರವಿದೆ ಎಂದು ಸುಪ್ರೀಂ ಕೋರ್ಟ್ 2010ರ ತೀರ್ಪಿನಲ್ಲೇ ಹೇಳಿದೆ. ಆದರೆ ಶಾಶ್ವತ ನ್ಯೂನತೆ ಎಷ್ಟು ಉಳಿದಿದೆ ಎಂಬುದನ್ನು ಚಿಕಿತ್ಸೆ ಕೊಟ್ಟ ವೈದ್ಯರೇ ಬಂದು ನುಡಿದರೆ ಅದಕ್ಕೆ ತೂಕ. ಅದರಿಂದ ದುಡಿಮೆ ಎಷ್ಟು ತಗ್ಗಿತು ಎಂದು ತೀರ್ಮಾನಿಸುವುದು ಕೋರ್ಟು.

ನಿಮ್ಮದೇ ಮೆಡಿಕ್ಲೇಮ್, ಅಂದರೆ ಆರೋಗ್ಯ ವಿಮೆ ಇದ್ದರೆ ಅದು ಬೇರೆ ದಾರಿ. 2018ರ ಮೇ 29ರಂದು ಜಾರಿಗೆ ಬಂದ ಮಾನಸಿಕ ಆರೋಗ್ಯ ಕಾಯ್ದೆಯ 21(4)ನೇ ಕಲಂ ಪ್ರಕಾರ, ದೇಹದ ಕಾಯಿಲೆಗೆ ವಿಮೆ ಹೇಗೋ ಮನಸ್ಸಿನದಕ್ಕೂ ಹಾಗೇ. ಕೊಕ್ಕೆ ಇರುವುದು ಇನ್ನೊಂದು ಕಡೆ. ಬಹಳ ಪಾಲಿಸಿಗಳು ಅಡ್ಮಿಟ್ ಆದರಷ್ಟೇ ಹಣ ಕೊಡುತ್ತವೆ. ಕೌನ್ಸೆಲಿಂಗಿಗೆ ಯಾರೂ ಅಡ್ಮಿಟ್ ಆಗುವುದಿಲ್ಲ. ಇದು ಅನ್ಯಾಯವೆಂದೇ ನನ್ನ ಅಭಿಪ್ರಾಯ. ಪಾಲಿಸಿಯಲ್ಲಿ ಒಪಿಡಿ ಸೇರಿದೆಯೇ ನೋಡಿ. ಕ್ಲೇಮ್ ತಿರಸ್ಕರಿಸಿದರೆ ಯಾವ ಷರತ್ತಿನಡಿ ಎಂದು ಬರವಣಿಗೆಯಲ್ಲೇ ಕೇಳಿ. ಕಂಪನಿಗೆ ದೂರು ಕೊಟ್ಟು ತಿಂಗಳು ಕಾದರೂ ಬಗೆಹರಿಯದಿದ್ದರೆ ವಿಮೆಯ ದೂರುಗಳನ್ನು ವಿಚಾರಿಸುವ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಇದ್ದಾರೆ. ಶುಲ್ಕವಿಲ್ಲ, ವಕೀಲರೂ ಬೇಡ. ಆದರೆ ಒಂದು ವರ್ಷದೊಳಗೆ ಹೋಗಬೇಕು. ಜಿಲ್ಲಾ ಗ್ರಾಹಕ ಆಯೋಗಕ್ಕಾದರೆ ಎರಡು ವರ್ಷ.

ನಾಚಿಕೆಯ ವಿಷಯಕ್ಕೆ ಬರುತ್ತೇನೆ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಹಳ್ಳಿ ಆಸ್ಪತ್ರೆಯ ವೈದ್ಯರಿಗೆ ತರಬೇತಿ ಕೊಟ್ಟು, ಮಾನಸಿಕ ಕಾಯಿಲೆಗೆ ಅಲ್ಲೇ ಮದ್ದು ಸಿಗುವಂತೆ ಮಾಡಿ ನೋಡಿದ್ದು ಇದೇ ಬಳ್ಳಾರಿ ಜಿಲ್ಲೆಯಲ್ಲಿ. 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾದದ್ದು ಆ ಬಳ್ಳಾರಿ ಮಾದರಿಯ ಮೇಲೆ. ಅಂಥ ನೆಲದವರು ನಾವು, ಚೀಟಿ ಬರೆಸಲು ಅಂಜಬೇಕೇ? ಆಸ್ಪತ್ರೆಗೆ ಹೋಗಲು ಮನಸ್ಸಾಗದಿದ್ದರೆ ಮೊದಲು 14416, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡಿ. ಅದು ಉಚಿತ.

ಆ ತಂದೆ ಕೊನೆಗೆ ತಾವೇ ಮಗನನ್ನು ಮನೋವೈದ್ಯರ ಬಳಿ ಕರೆದೊಯ್ದರು. ಅಷ್ಟರಲ್ಲಿ ಅಪಘಾತವಾಗಿ ಹದಿನಾಲ್ಕು ತಿಂಗಳು ಕಳೆದಿತ್ತು. ಮೊದಲ ಚೀಟಿಯ ಮೇಲಿನ ಆ ತಾರೀಖೊಂದನ್ನೇ ಹಿಡಿದು ಎದುರು ವಕೀಲರು ಪಾಟೀಸವಾಲು ಮಾಡುತ್ತಿದ್ದರೆ, ಆ ತಂದೆ ಕಟಕಟೆಯ ಆಚೆ ತಲೆ ತಗ್ಗಿಸಿ ನಿಂತಿದ್ದರು.