ಮಾವನ ಪದಕ್ಕೂ ನಾರ್ವೆಯ ಗದ್ದಲಕ್ಕೂ

ನಮಸ್ಕಾರ. ಬ್ಲ್ಯಾಕ್ ಮೆಟಲ್ ಅಂದ ಕೂಡಲೇ ನಿಮ್ಮಲ್ಲಿ ಕೆಲವರಿಗೆ ಗುಜರಿ ಅಂಗಡಿ ನೆನಪಾಗಬಹುದು. ಅಲ್ಲ, ಅದೊಂದು ಸಂಗೀತ. ನಮ್ಮ ಮನೆಯವರ ಪ್ರಕಾರ ಸಂಗೀತವೂ ಅಲ್ಲ, ಅದು ಬೇರೆ ವಿಷಯ.

ನನಗೆ ಅದು ಸಿಕ್ಕಿದ್ದು ಅಡಿಕೆ ತೋಟದಲ್ಲಿ. ನಮ್ಮದು ಕಾಸರಗೋಡಿನ ಬದಿಯಡ್ಕದ ಹತ್ತಿರ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಮದ್ದು ಬಿಡಬೇಕಲ್ಲ, ಮರ ಹತ್ತುವವರು ಮೇಲೆ, ನಾನು ಕೆಳಗೆ, ಮೈಲುತುತ್ತು ಸುಣ್ಣ ಕಲಸಿದ ಡ್ರಮ್ಮಿನ ಪಕ್ಕ ಪಂಪ್ ನೋಡಿಕೊಂಡು ನಿಂತಿದ್ದೆ. ಪಂಪಿನ ಸದ್ದು ತಡೆಯಲಾರದೆ ಕಿವಿಗೆ ಇಯರ್‌ಫೋನ್ ಸಿಕ್ಕಿಸಿದೆ. ಗೆಳೆಯನೊಬ್ಬ ಕಳಿಸಿದ ಆಲ್ಬಮ್, ನಾರ್ವೆಯ ಡಾರ್ಕ್‌ಥ್ರೋನ್ ತಂಡದ್ದು, 1994ರ ಟ್ರಾನ್ಸಿಲ್ವೇನಿಯನ್ ಹಂಗರ್. ಸತ್ಯ ಹೇಳುತ್ತೇನೆ, ಹಾಡು ಯಾವುದು, ಪಂಪ್ ಯಾವುದು ಗೊತ್ತಾಗಲಿಲ್ಲ. ಪಂಪ್ ನಿಲ್ಲಿಸಿದೆ. ಸದ್ದು ನಿಲ್ಲಲಿಲ್ಲ. ಆಗ ತಿಳಿಯಿತು.

ಈ ಹೆಸರು ಬಂದದ್ದು 1982ರಲ್ಲಿ, ಇಂಗ್ಲೆಂಡಿನ ವೆನಮ್ ತಂಡ ತನ್ನ ಆಲ್ಬಮ್ಮಿಗೆ ಬ್ಲ್ಯಾಕ್ ಮೆಟಲ್ ಅಂತ ಹೆಸರಿಟ್ಟಾಗ. ಈಗ ನಾವು ಕೇಳುವ ರೂಪ ಗಟ್ಟಿಯಾದದ್ದು ಮಾತ್ರ 90ರ ದಶಕದ ನಾರ್ವೆಯಲ್ಲಿ. ಗಿಟಾರಿನ ತಂತಿಯನ್ನು ಬಿಡುವಿಲ್ಲದೆ ಮೀಟುತ್ತಾರೆ, ಡ್ರಮ್ ಉಸಿರು ತೆಗೆದುಕೊಳ್ಳದೆ ಓಡುತ್ತದೆ, ಹಾಡುವವನು ಕಿರುಚುತ್ತಾನೆ. ಮುಖಕ್ಕೆ ಬಿಳಿ ಕಪ್ಪು ಬಣ್ಣ. ಬೇರೆಯವರು ಹೆದರಲಿ, ಕುಂಬಳೆ ಸೀಮೆಯ ನಾವು ಹೆದರುವುದಾ? ಮುಖದ ತುಂಬ ಅಕ್ಕಿಹಿಟ್ಟು ಸುಣ್ಣದ ಚುಟ್ಟಿ ಇಟ್ಟು, ದೊಂದಿ ಬೆಳಕಿನಲ್ಲಿ ಆರ್ಭಟೆ ಕೊಡುತ್ತಾ ಬರುವ ಯಕ್ಷಗಾನದ ಬಣ್ಣದ ವೇಷವನ್ನು ಅಮ್ಮನ ಸೆರಗಿನ ಮರೆಯಿಂದ ಇಣುಕಿ ನೋಡಿ ಬೆಳೆದವರು. ಅದರ ಎದುರು ನಾರ್ವೆಯವರ ಮೇಕಪ್ ಸ್ವಲ್ಪ ಸಪ್ಪೆಯೇ.

ನನ್ನನ್ನು ಹಿಡಿದದ್ದು ಹಾಡಿನ ಹಿಂದಿನ ಸುಂಯ್ ಸದ್ದು. ಅದು ನನಗೆ ಹಳೆಯ ಪರಿಚಯ. ನಮ್ಮಲ್ಲಿ ತಾಳಮದ್ದಳೆಯ, ಅಂದರೆ ವೇಷವಿಲ್ಲದೆ ಕೂತು ನಡೆಸುವ ಯಕ್ಷಗಾನದ, ಕ್ಯಾಸೆಟ್‌ಗಳಿದ್ದವು, ಯಾರೋ ಟೇಪ್‌ರೆಕಾರ್ಡರನ್ನು ಚೆಂಡೆಯ ಪಕ್ಕದಲ್ಲೇ ಇಟ್ಟು ತುಂಬಿಸಿಕೊಂಡದ್ದು. ಚೆಂಡೆ ಏರಿದಾಗ ಹಾಡುವ ಭಾಗವತರ ಪದ ಮುಳುಗುತ್ತಿತ್ತು. ನಡುವೆ ಯಾರದೋ ಕೆಮ್ಮು, ಲೋಟ ಕೆಳಗಿಟ್ಟ ಸದ್ದು, ಹೊರಗೆ ಮಳೆ. ಈಗಲೂ ಪಂಚವಟಿ ಪ್ರಸಂಗ ಅಂದರೆ ನನಗೆ ಆ ಕೆಮ್ಮೂ ಬೇಕು.

ಡಾರ್ಕ್‌ಥ್ರೋನಿನ ಫೆನ್ರಿಜ್ ಆ ಆಲ್ಬಮ್ಮಿಗೆ ಗಿಟಾರ್, ಬೇಸ್, ಡ್ರಮ್ ಎಲ್ಲವನ್ನೂ ತಾನೇ ನುಡಿಸಿ, ನಾಲ್ಕು ಟ್ರ್ಯಾಕಿನ ಸಣ್ಣ ರೆಕಾರ್ಡರಿನಲ್ಲಿ ತುಂಬಿಸಿದ. ಸಾಹಿತ್ಯ ಬಹುಪಾಲು ನಾರ್ವೇಜಿಯನ್ ಭಾಷೆಯಲ್ಲಿದೆ, ಯಾರಿಗೆ ಅರ್ಥವಾಗುತ್ತದೆ ಅಂತ ತಲೆಕೆಡಿಸಿಕೊಂಡಂತಿಲ್ಲ. ಪೇಟೆಯಲ್ಲಿ ಮಲಯಾಳ, ತೋಟದಲ್ಲಿ ತುಳು ಮಾತಾಡಿ ಮನೆಗೆ ಬಂದು ಕನ್ನಡದಲ್ಲಿ ಬರೆಯುವ ನನಗೆ ಅದು ಬಹಳ ಹಿಡಿಸಿತು. ಇನ್ನೊಂದು ಆಲ್ಬಮ್, ಬುರ್ಜಮ್‌ನ ಫಿಲಾಸೊಫೆಮ್, 1993ರಲ್ಲಿ ರೆಕಾರ್ಡ್ ಆಗಿ 1996ರಲ್ಲಿ ಹೊರಬಂತು. ಇದ್ದುದರಲ್ಲೇ ಕೆಟ್ಟ ಮೈಕ್ ಕೊಡಿ ಅಂತ ಕೇಳಿ, ಒಂದು ಹೆಡ್‌ಸೆಟ್ ಮೈಕಿನಲ್ಲಿ ಅದರ ದನಿ ತುಂಬಿಸಿದರಂತೆ.

ಇಲ್ಲಿ ಒಂದು ಮಾತು ಹೇಳದಿದ್ದರೆ ತಪ್ಪಾಗುತ್ತದೆ. ಈ ಬುರ್ಜಮ್ ಅಂದರೆ ಒಬ್ಬನೇ ಮನುಷ್ಯ, ಅವನು 1993ರಲ್ಲಿ ಮೇಹೆಮ್ ತಂಡದ ಗಿಟಾರಿಸ್ಟನನ್ನು ಕೊಂದು 21 ವರ್ಷದ ಶಿಕ್ಷೆಗೆ ಗುರಿಯಾದವನು. ಆ ಕಾಲದಲ್ಲಿ ಅಲ್ಲಿ ಮರದ ಹಳೇ ಇಗರ್ಜಿಗಳಿಗೂ ಬೆಂಕಿ ಬಿತ್ತು. ಅದರಲ್ಲಿ ಮೆಚ್ಚುವಂಥದ್ದು ಏನೂ ಇಲ್ಲ. ಅವನಿಂದ ನಾನು ತೆಗೆದುಕೊಂಡದ್ದು ಮೈಕಿನ ವಿಷಯ ಮಾತ್ರ.

ಯಾಕೆಂದರೆ ನನ್ನ ಸೋದರಮಾವ ಭಾಗವತರು. ವಯಸ್ಸು 76. ಅವರ ಪದಗಳನ್ನು ರೆಕಾರ್ಡ್ ಮಾಡಬೇಕು ಅಂತ ಮೂರು ಮಳೆಗಾಲದಿಂದ ಹೇಳುತ್ತಲೇ ಇದ್ದೆ. ಒಳ್ಳೆ ಮೈಕ್ ತೆಗೆದುಕೊಳ್ಳಲಿ, ಆಮೇಲೆ ಅಂತ ಸುಮ್ನೆ ದಿನ ತಳ್ಳುತ್ತಿದ್ದೆ. ಅಷ್ಟರಲ್ಲಿ ಅವರ ಸ್ವರ ಅರ್ಧ ಇಳಿದಿತ್ತು.

ಈ ಸಲ ಪತ್ತನಾಜೆ, ಅಂದರೆ ಯಕ್ಷಗಾನ ಮೇಳಗಳ ತಿರುಗಾಟ ಮುಗಿಯುವ ದಿನ, ಕಳೆದು ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಒಂದು ಸಂಜೆ ಹೋದೆ. ಮೊಬೈಲನ್ನು ಅಡಿಕೆ ಗೋಣಿಯ ಮೇಲೆ ಸಕ್ಕರೆ ಡಬ್ಬಕ್ಕೆ ಒರಗಿಸಿ ಇಟ್ಟೆ. ಮಾವ ಕಿಲುಬು ಹಿಡಿದ ಜಾಗಟೆಯನ್ನು ಲುಂಗಿಯ ತುದಿಯಲ್ಲಿ ಉಜ್ಜಿ, ಒಂದು ಸಲ ಬಡಿದು ನೋಡಿ, ಶುರು ಮಾಡಿದರು. ಎರಡನೇ ಪದಕ್ಕೆ ಮಳೆ ಬಂತು, ಶೀಟಿನ ಮೇಲೆ ಕಲ್ಲು ಸುರಿದ ಹಾಗೆ. ನಿಲ್ಲಿಸಲು ಕೈ ಎತ್ತಿದರು. ನಿಲ್ಲಿಸಬೇಡಿ ಅಂತ ಸನ್ನೆ ಮಾಡಿದೆ. ಅವರು ಮಳೆಗಿಂತ ಮೇಲೆ ಹೋಗಲು ಸ್ವರ ಏರಿಸಿದರು, ಒಡೆಯಿತು, ಒಡೆದ ಸ್ವರದಲ್ಲೇ ಪದ ಮುಗಿಸಿದರು. ಏಳು ಪದ ಆಯಿತು.

ಕೇಳಿಸಿದೆ. "ಎಂತ ಮಾರಾಯ, ನನಗಿಂತ ಮಳೆಯೇ ಜಾಸ್ತಿ ಕೇಳ್ತದೆ" ಅಂದರು. ಇದು ನಾರ್ವೆಯ ಪದ್ಧತಿ ಮಾವ ಅಂದೆ. ಹಾಗಾದರೆ ಅದನ್ನೂ ಕೇಳಿಸು ಅಂತ ಇಯರ್‌ಫೋನ್ ತೆಗೆದುಕೊಂಡರು. ಕಣ್ಣು ಮುಚ್ಚಿ, ಬೆರಳಲ್ಲಿ ಮೊಣಕಾಲು ತಟ್ಟುತ್ತಾ ಅರ್ಧ ನಿಮಿಷ ಕೂತರು. ಆಮೇಲೆ ಕಿವಿಯಿಂದ ತೆಗೆದು ನನ್ನ ಕೈಗೆ ಕೊಟ್ಟು ಹೇಳಿದರು:

"ತಾಳ ಗಟ್ಟಿ ಉಂಟು. ಭಾಗವತನಿಗೆ ಸ್ವಲ್ಪ ಕಾಳುಮೆಣಸಿನ ಕಷಾಯ ಕೊಡ್ಲಿಕ್ಕೆ ಹೇಳು."