ಐದು ಇಂಚಿನ ಸಂದು

ಇದು ನಮ್ಮ ಗೇಟು. ಈ ವಿಡಿಯೊದಲ್ಲಿ ನಾಯಿಯನ್ನು ನೋಡಲು ಬಂದವರು ಸ್ವಲ್ಪ ತಾಳಿ, ಮೊದಲು ಗೇಟು. ಕೆಳಗಡೆ ಜಾಲರಿ ಇದೆಯಲ್ಲ, ಅದರ ಹಿಂದೆ ಒಂದು ಸಂದು ಇದೆ. ಆ ಸಂದಿನ ದೆಸೆಯಿಂದ ನಾಯಿಯನ್ನು ದತ್ತು ಕೇಳಿದ ನನ್ನ ಅರ್ಜಿ ಹದಿನೈದು ದಿನ ಕೊಳೆಯಿತು.

ಮನೆ ಪರಿಶೀಲನೆಗೆ ಬಂದ ನಾಯಿ ಆಶ್ರಯ ಕೇಂದ್ರದ ಸ್ವಯಂಸೇವಕಿ ಒಳಗೆ ಕಾಲಿಡುವ ಮೊದಲೇ ಇಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಅಳತೆಪಟ್ಟಿ ಬಿಚ್ಚಿದರು. ಐದು ಇಂಚು. ‘ತಲೆ ತೂರಿದರೆ ಮೈಯೂ ತೂರುತ್ತದೆ. ಮುಚ್ಚಿಸಿ ಫೋಟೊ ಕಳಿಸಿ’ ಎಂದರು. ಇಟ್ಟಿಗೆ ಇಟ್ಟು ಫೋಟೊ ಕಳಿಸಿದೆ. ಇಟ್ಟಿಗೆಯನ್ನು ನಾಯಿ ಸರಿಸುತ್ತದೆ, ಆಗದು ಎಂದರು. ಹಲಗೆ ಕಟ್ಟಿದೆ. ಹಲಗೆ ಕಟ್ಟಿದರೆ ಗೇಟೇ ತೆರೆಯುವುದಿಲ್ಲ ಎಂಬುದು ಮರುದಿನ ಬೈಕು ಹೊರತೆಗೆಯುವಾಗ ತಿಳಿಯಿತು. ವೆಲ್ಡಿಂಗ್ ಮಾಡುವವನು ಇಂದು ಬರುತ್ತೇನೆ, ನಾಳೆ ಬರುತ್ತೇನೆ ಎಂದು ಒಂದು ವಾರ ನುಂಗಿದ. ಆ ವಾರ ನಾನು ಆಡಿದ ಮಾತುಗಳನ್ನು ಇಲ್ಲಿ ಹೇಳುವಂತಿಲ್ಲ. ಬೀದಿಯಲ್ಲಿ ಮಲಗುತ್ತಿದ್ದ ನಾಯಿಗೆ ಇಷ್ಟು ಉಪಚಾರವೇ?

ಅರ್ಜಿಯೂ ಹಾಗೆಯೇ. ಮನೆ ಮಾಲೀಕರ ಒಪ್ಪಿಗೆ ಪತ್ರ, ಪ್ರವಾಸ ಹೋದಾಗ ನೋಡಿಕೊಳ್ಳುವವರು ಯಾರು, ಸರಿ. ಆದರೆ ‘ಈ ಮನೆಯಲ್ಲಿ ಇತ್ತೀಚೆಗೆ ಮರಿ ಸತ್ತಿದೆಯೇ’ ಎಂಬ ಪ್ರಶ್ನೆ? ನನ್ನ ಮೇಲೇ ಅನುಮಾನ ಎಂದು ಉರಿದುಹೋಯಿತು. ಪಶುವೈದ್ಯರು ವಿವರಿಸಿದ ಮೇಲೆ ಬಾಯಿ ಮುಚ್ಚಿದೆ. ಮರಿಗಳಿಗೆ ಮಾರಕ ವಾಂತಿಭೇದಿ ತರುವ ಪಾರ್ವೊ ವೈರಾಣು ಮಣ್ಣಿನಲ್ಲಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷದವರೆಗೂ ಉಳಿಯುತ್ತದಂತೆ. ಲಸಿಕೆ ಪೂರ್ತಿಯಾಗದ ಮರಿಗೆ ಅಂತಹ ಅಂಗಳವನ್ನು ಮೂಸಿದರೂ ಅಪಾಯ.

ಸಂತಾನಹರಣ ಶಸ್ತ್ರಚಿಕಿತ್ಸೆಯ ಷರತ್ತಿಗೆ ಮಾತ್ರ ನಾನು ಮೊದಲಿನಿಂದಲೂ ಒಪ್ಪಿದ್ದೆ. ಹೆಣ್ಣುಮರಿ ಆರು ತಿಂಗಳಿಗೇ ಬೆದೆಗೆ ಬರಬಹುದು, ಗರ್ಭ ಸುಮಾರು 63 ದಿನ. ಒಂದನ್ನು ಕೊಟ್ಟು ವರ್ಷ ತುಂಬುವುದರೊಳಗೆ ಆರನ್ನು ವಾಪಸ್ ಪಡೆಯಲು ಅವರಿಗೇನು ಹುಚ್ಚೇ?

ಆ ಕೇಂದ್ರದಲ್ಲಿ ಒಂದು ಮುದಿ ನಾಯಿ ಇದೆ, ಎರಡು ಸಲ ವಾಪಸ್ ಬಂದದ್ದು. ಮೊದಲನೆಯವರು ಮನೆ ಬದಲಿಸಿದರು, ಎರಡನೆಯವರ ಮಗುವಿಗೆ ಅಲರ್ಜಿ. ಉಳಿದವೆಲ್ಲ ಬಾಗಿಲ ಸದ್ದಿಗೆ ಕುಣಿಯುತ್ತವೆ, ಅದು ತಲೆಯನ್ನೂ ಎತ್ತುವುದಿಲ್ಲ. ಅದರ ಕಿವಿಯ ಹಿಂದೆ ಒಂದು... ಅಯ್ಯೋ, ಶಾಟ್ ಮುಗಿಯುತ್ತಿದೆ.

ಇಗೋ, ಇವಳೇ ಚುಕ್ಕಿ. ಬಂದ ಎರಡನೇ ದಿನ ಯಾರೋ ಕರೆಗಂಟೆ ಒತ್ತಿದರು. ಬೆದರಿ ಓಡಿದವಳು ಸರಿಯಾಗಿ ಆ ಸಂದಿಗೇ ಮೂತಿ ತುರುಕಿದಳು. ಜಾಲರಿ ಝಣ್ ಎಂದಿತು, ಇವಳು ಒಳಗೇ ಉಳಿದಳು. ಸ್ವಯಂಸೇವಕಿಗೆ ಇದನ್ನು ನಾನು ಹೇಳಿಲ್ಲ, ಹೇಳುವುದೂ ಇಲ್ಲ.

ಹಾಗೆಂದು ಎಲ್ಲವನ್ನೂ ಒಪ್ಪಿದೆ ಎಂದಲ್ಲ. ಹಗಲು ಕೆಲಸಕ್ಕೆ ಹೋಗುವವರಿಗೆ ನಾಯಿಯನ್ನೇ ಕೊಡದ ಕೇಂದ್ರಗಳಿವೆ. ಅದು ಅತಿಯಾಯಿತು. ಎಳೆ ಮರಿಯಾದರೆ ಸರಿ, ಬೆಳೆದ ನಾಯಿ ಹಗಲೆಲ್ಲ ನಿದ್ದೆ ಹೊಡೆಯುತ್ತದೆ, ಅದಕ್ಕೆ ಪಕ್ಕದಲ್ಲಿ ಕಾವಲು... ಚುಕ್ಕೀ, ಮೈಕಿನ ತಂತಿ ಬಿಡು!